ಅಕ್ಷರವಿಲ್ಲದ ಫಿಲ್ಮ್

ನನ್ನ ಕೆಲಸ ಏನೆಂದು ಅಕ್ಕನಿಗೆ ನಾಲ್ಕೈದು ಸಲ ವಿವರಿಸಿ ನಾನು ಸೋತ ಮೇಲೆ, ಅವಳೇ ಅದಕ್ಕೊಂದು ಹೆಸರಿಟ್ಟುಬಿಟ್ಟಳು. ಬೀದಿಯವರು ಯಾರಾದರೂ "ನಿನ್ ತಮ್ಮ ದಿನಾ ಮಹಡಿ ಮ್ಯಾಲೆ ಕುಂತ್ಕೊಂಡು ಏನ್ ಮಾಡ್ತಾನೆ?" ಎಂದು ಕೇಳಿದರೆ, "ಓಡೋಗೋರ್ನ ಹಿಡೀತಾನೆ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎರಡು ಬೀದಿ ಆಚೆಯ ಹೆಂಗಸೊಬ್ಬರು ಇದನ್ನು ನಂಬಿ, ಕಳೆದುಹೋದ ಹಸುವಿನ ಫೋಟೊ ಹಿಡಿದುಕೊಂಡು ಮಹಡಿ ಹತ್ತಿ ಬಂದಿದ್ದರು. ಹಸು ಸಿಕ್ಕಿತು, ನನ್ನಿಂದಲ್ಲ.

ಅಕ್ಕ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಸೂರ್ಯನೊಳಗೆ ನಡೆಯುವ ಕೆಲಸವನ್ನು ನೆಲದ ಮೇಲೆ ಮಾಡಿಸಬೇಕೆಂದು ಹಠ ಹಿಡಿದವರ ಗುಂಪಿನಲ್ಲಿ ನಾನೂ ಒಬ್ಬ, ಬಾಲದ ತುದಿಯಲ್ಲಿರುವವನು. ಉಂಗುರದಂಥ ಒಂದು ಉಕ್ಕಿನ ಕೋಣೆ. ಅದರೊಳಗೆ ಅನಿಲವನ್ನು ಎಷ್ಟು ಕಾಯಿಸುತ್ತಾರೆಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಅದಕ್ಕೆ ಪ್ಲಾಸ್ಮಾ ಎಂದು ಹೆಸರು. ಗೋಡೆಗೆ ತಾಗದ ಹಾಗೆ ಅದನ್ನು ಆಯಸ್ಕಾಂತದ ಬಲದಿಂದ ನಡುವೆ ಹಿಡಿದು ನಿಲ್ಲಿಸುತ್ತಾರೆ. ಒಮ್ಮೊಮ್ಮೆ ಹಿಡಿತ ತಪ್ಪುತ್ತದೆ, ಪ್ಲಾಸ್ಮಾ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಣ್ಣಗಾಗುತ್ತದೆ. ಆಗ ಒಳಗಿನ ವಿದ್ಯುತ್ತು ಎಲೆಕ್ಟ್ರಾನುಗಳನ್ನು ಜೋರಾಗಿ ತಳ್ಳತೊಡಗುತ್ತದೆ. ಹೆಚ್ಚಿನವು ಅಕ್ಕಪಕ್ಕದವಕ್ಕೆ ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತವೆ. ಆದರೆ ಯಾವುದಕ್ಕೋ ಒಂದಕ್ಕೆ ಸ್ವಲ್ಪ ಹೆಚ್ಚು ವೇಗ ಸಿಕ್ಕಿಬಿಟ್ಟರೆ ಅದಕ್ಕೆ ಡಿಕ್ಕಿಗಳು ಕಡಿಮೆಯಾಗುತ್ತವೆ, ಡಿಕ್ಕಿ ಕಡಿಮೆಯಾದದ್ದರಿಂದ ವೇಗ ಇನ್ನೂ ಹೆಚ್ಚುತ್ತದೆ. ಕೊನೆಗೆ ಅದನ್ನು ಯಾರೂ ತಡೆಯುವಂತಿಲ್ಲ. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತಿ ಸುತ್ತಿ, ಹೋಗಿ ಗೋಡೆಗೆ ಬಡಿದು, ಬಡಿದ ಜಾಗವನ್ನು ಕರಗಿಸುತ್ತದೆ. ಓಡಿಹೋಗುವ ಎಲೆಕ್ಟ್ರಾನು ಅಂದರೆ ಇದು.

ನಾನು ಇವುಗಳ ಫೋಟೊ ನೋಡುವವನು. ಓಡುವಾಗ ಅವು ಬೆಳಕು ಚೆಲ್ಲುತ್ತವೆ, ಅದೂ ಮುಂದಕ್ಕೆ ಮಾತ್ರ. ಜೂಜುವಾಡಿಯ ಹೆದ್ದಾರಿಯಲ್ಲಿ ಎದುರಿನಿಂದ ಬರುವ ಲಾರಿಯ ದೀಪ ಕಣ್ಣಿಗೆ ಹೊಡೆಯುವ ಹಾಗೆ, ಕ್ಯಾಮರಾದ ಕಡೆಗೆ ಓಡಿ ಬರುವವು ಮಾತ್ರ ಚಿತ್ರದಲ್ಲಿ ಕಾಣುತ್ತವೆ. ಒಂದು ಬೆಳ್ಳಗಿನ ಕಲೆ, ಅಷ್ಟೇ. ಎಲೆಕ್ಟ್ರಾನುಗಳಿಗೆ ಇಂಥ ವೇಗವಿದ್ದರೆ, ಇಂಥ ಜಾಗದಲ್ಲಿದ್ದರೆ ಕಲೆ ಹೇಗೆ ಕಾಣಬೇಕು ಎಂದು ಕಂಪ್ಯೂಟರಿನಲ್ಲಿ ಒಂದು ಸುಳ್ಳು ಯಂತ್ರ ಕಟ್ಟಿ ಓಡಿಸುತ್ತೇನೆ. ಅದು ಕೊಡುವ ಚಿತ್ರವನ್ನು ನಿಜವಾದ ಚಿತ್ರದ ಪಕ್ಕದಲ್ಲಿಟ್ಟು ನೋಡುತ್ತೇನೆ. ಒಂದಕ್ಕೊಂದು ಹೊಂದುವವರೆಗೆ ಬದಲಿಸುತ್ತೇನೆ. ಹೊಂದಿದ ದಿನ ಸಂಜೆ ಬಾಗಲೂರು ರಸ್ತೆಯಲ್ಲಿ ಒಬ್ಬನೇ ಒಂದು ಸುತ್ತು ನಡೆದು ಬರುತ್ತೇನೆ, ಯಾಕೆಂದರೆ ಹೇಳಿಕೊಳ್ಳಲು ಯಾರೂ ಇಲ್ಲ.

ಯಂತ್ರ ಇರುವುದು ದೂರದ ಊರಿನಲ್ಲಿ. ಅದನ್ನು ದುರಸ್ತಿಗೆಂದು ನಿಲ್ಲಿಸಿದಾಗ, ಚಿತ್ರ ನೋಡುವವರು ಎಲ್ಲಿ ಕೂತು ಬೇಕಾದರೂ ನೋಡಬಹುದೆಂದರು. ಒಂದು ತಿಂಗಳಿಗೆಂದು ತಮಿಳುನಾಡಿನ ಗಡಿಯ ಹೊಸೂರಿಗೆ, ಅಕ್ಕನ ಮನೆಗೆ ಬಂದವನು ಮಹಡಿಯ ಕೋಣೆಯಲ್ಲಿ ಮೂರು ವರ್ಷ ಉಳಿದೆ. ಅಲ್ಲಿ ಹಾಸ್ಟೆಲ್ಲಿನ ಊಟವಾದರೂ ನಾಲ್ಕು ಜನರ ನಡುವೆ ಇರುತ್ತಿತ್ತು. ಇಲ್ಲಿ ಪ್ರತಿ ಶುಕ್ರವಾರ ನಲವತ್ತು ನಿಮಿಷ ಗುಂಪಿನವರು ಕಂಪ್ಯೂಟರಿನ ಪರದೆಯ ಮೇಲೆ ಸೇರುತ್ತಿದ್ದರು. ಹನ್ನೆರಡು ಚೌಕಗಳು, ಅದರಲ್ಲಿ ಹತ್ತು ಕಪ್ಪು. ಹೆಚ್ಚಿನವರು ಮುಖ ತೋರಿಸುತ್ತಿರಲಿಲ್ಲ, ನಾನೂ ಅಷ್ಟೇ. ಉಳಿದ ದಿನಗಳಲ್ಲಿ ತರಕಾರಿಯವರ ಹತ್ತಿರ ತಮಿಳು, ಮನೆ ಎದುರಿನ ಅಂಗಡಿಯಲ್ಲಿ ತೆಲುಗು, ಅಕ್ಕನ ಹತ್ತಿರ ಕನ್ನಡ. ಮೂರು ಭಾಷೆ ಬರುತ್ತಿತ್ತು, ಮೂರರಲ್ಲೂ ನನ್ನ ದಿನ ಹೇಗೆ ಕಳೆಯಿತೆಂದು ಹೇಳಲು ಬರುತ್ತಿರಲಿಲ್ಲ. ನನಗೆ ಒಂಟಿತನ ಕಾಡುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಹೀಗಿರುವಾಗ ನನಗೊಂದು ಹೊಸ ಸಂಗತಿ ಸಿಕ್ಕಿತು. ಪ್ಲಾಸ್ಮಾ ಕುಸಿದ ಮೇಲೆ ಆ ಬೆಳಕಿನ ಕಲೆ ನಿಂತಲ್ಲಿ ನಿಲ್ಲುವುದಿಲ್ಲ, ಸರಿಯುತ್ತಾ ಹೋಗಿ ಗೋಡೆಗೆ ಬಡಿಯುತ್ತದೆ. ನಮ್ಮ ಯಂತ್ರದಲ್ಲಿ ಅದು ಯಾವಾಗಲೂ ಕೆಳಕ್ಕೇ ಸರಿಯುತ್ತಿತ್ತು. ಆದರೆ ಏಳು ಪ್ರಯೋಗಗಳಲ್ಲಿ, ಏಳರಲ್ಲಿ ಮಾತ್ರ, ಅದು ಮೇಲಕ್ಕೆ ಹೋಗಿತ್ತು. ಆ ಕೊನೆಯ ಕ್ಷಣಗಳಲ್ಲಿ ಬೇರೆ ಉಪಕರಣಗಳ ಅಳತೆ ನಂಬುವಂತಿರಲಿಲ್ಲ, ಇದ್ದ ಸಾಕ್ಷಿ ಕ್ಯಾಮರಾ ಒಂದೇ. ಕಂಪ್ಯೂಟರಿನ ಸುಳ್ಳು ಯಂತ್ರದಲ್ಲಿ ಪ್ಲಾಸ್ಮಾವನ್ನು ಮೊದಲೇ ಕೂದಲೆಳೆಯಷ್ಟು ಮೇಲಿಟ್ಟು ಓಡಿಸಿದೆ. ಅಲ್ಲೂ ಮೇಲಕ್ಕೆ ಹೋಯಿತು. ಕೂದಲೆಳೆಯಷ್ಟು ಕೆಳಗಿಟ್ಟಿದ್ದರೆ ಕೆಳಕ್ಕೆ ಹೋಗುತ್ತಿತ್ತು ಅನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಚಿತ್ರ ಹೇಳುತ್ತಿದೆಯಲ್ಲ, ಇನ್ನೇನು ಬೇಕು ಅಂದುಕೊಂಡೆ.

ಇದು ಸಣ್ಣ ವಿಷಯವಲ್ಲ. ಬಡಿಯುವ ಜಾಗ ಗೊತ್ತಿದ್ದರೆ ಅಲ್ಲಿ ಗೋಡೆಗೆ ಗಟ್ಟಿ ಕವಚ ಹಾಕಬಹುದು. ಮೇಲಕ್ಕೂ ಹೋಗುತ್ತದೆಂದಾದರೆ ಎರಡೂ ಕಡೆ ಹಾಕಬೇಕು. ನಾನು ಇದನ್ನು ಶುಕ್ರವಾರದ ಸಭೆಯಲ್ಲಿ ತೋರಿಸಿದ ದಿನ ಕಪ್ಪು ಚೌಕಗಳು ಒಂದೊಂದಾಗಿ ಬೆಳಗಿದವು. ಬೇರೆ ಬೇರೆ ಊರುಗಳಲ್ಲಿ ಕೂತು ನನ್ನ ಜೊತೆ ಎರಡು ವರ್ಷ ಕೆಲಸ ಮಾಡಿದವರ ಮುಖಗಳನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಒಬ್ಬರಿಗೆ ದಪ್ಪ ಮೀಸೆಯಿತ್ತು, ದನಿ ಕೇಳಿ ನಾನು ಹಾಗೆಂದು ಎಣಿಸಿರಲಿಲ್ಲ. ಲೇಖನ ಪ್ರಕಟವಾಯಿತು. ನನ್ನ ಹುದ್ದೆಯ ಅವಧಿ ಮುಗಿಯುತ್ತಾ ಬಂದಿತ್ತು. ಅದನ್ನು ಇನ್ನೂ ಮೂರು ವರ್ಷ ಮುಂದುವರಿಸಬೇಕೆಂದು ನನ್ನ ಮಾರ್ಗದರ್ಶಕರು ಈ ಲೇಖನವನ್ನೇ ಮುಂದಿಟ್ಟು ಸಮಿತಿಗೆ ಪತ್ರ ಬರೆದರು. ಅಂದರೆ ಆ ಏಳು ಚಿತ್ರಗಳ ಮೇಲೆ ನನ್ನ ಕೆಲಸ ನಿಂತಿತ್ತು, ಆ ಮುಖಗಳೂ ನಿಂತಿದ್ದವು.

ಆ ಏಳರಲ್ಲಿ ಒಂದನ್ನು ದೊಡ್ಡದಾಗಿ ಮುದ್ರಿಸಿ ಕೋಣೆಯ ಗೋಡೆಗೆ ಅಂಟಿಸಿದ್ದೆ. ಇದು ಭಾವನ ಕಣ್ಣಿಗೆ ಬಿತ್ತು.

ಭಾವ, ಅಂದರೆ ಅಕ್ಕನ ಗಂಡ, ಹೊಸೂರಿನ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ದ ಸಾಮಾನುಗಳಿಗೆ ಎಕ್ಸ್‌ರೇ ತೆಗೆಯುವವರು. ಆಸ್ಪತ್ರೆಯಲ್ಲಿ ಮೂಳೆ ನೋಡುವ ಹಾಗೆ ಅವರು ಉಕ್ಕಿನೊಳಗೆ ಗಾಳಿಗುಳ್ಳೆ ಇದೆಯೋ, ಬಿರುಕಿದೆಯೋ ನೋಡುತ್ತಾರೆ. ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬರೇ ಕೆಲಸ. ವಿಕಿರಣದ ಭಯಕ್ಕೆ ಕ್ಯಾಂಟೀನಿನಲ್ಲಿ ಹೊಸಬರು ಅವರ ಪಕ್ಕದಲ್ಲಿ ಕೂರುವುದಿಲ್ಲವಂತೆ. "ನಾನೇನು ಒಲೆನಾ, ಹತ್ರ ಬಂದ್ರೆ ಸುಡಾಕೆ?" ಎಂದು ಅವರೇ ನಗುತ್ತಿದ್ದರು. ನಕ್ಕರೂ ಇಪ್ಪತ್ತು ವರ್ಷ ಹಾಗೆ ಉಂಡವರು.

ಆವತ್ತು ಮೊದಲ ಶಿಫ್ಟು ಮುಗಿಸಿ ಬಂದವರು, ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹತ್ತಿದ್ದರು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ನನ್ನ ಬಾಗಿಲಲ್ಲಿ ನಿಂತು ಗೋಡೆ ನೋಡಿದರು.

"ಇದ್ಯಾವ್ ಫಿಲ್ಮ್ಲಾ?"

"ಫಿಲ್ಮ್ ಅಲ್ಲ ಭಾವ, ಫೋಟೊ. ಬೆಳ್ಳಗಿರೋದು ಓಡ್ತಿರೋ ಎಲೆಕ್ಟ್ರಾನು."

"ಓ, ನಿಮ್ಮಕ್ಕ ಹೇಳ್ತಿರ್ತಾಳಲ್ಲ, ಅವ್ರೇನಾ ಇವ್ರು? ನಿನ್ ವಯಸ್ಗೆ ನೀನೂ ಯಾರ್ನಾರ ಕರ್ಕೊಂಡು ಓಡೋಗ್ಬೇಕಾಗಿತ್ತು. ಗೋಡೆಗೆ ಅಂಟಿಸ್ಕೊಂಡು ಕುಂತವ್ನೆ." ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಫಿಲ್ಮ್ ನೋಡಿ ನೋಡಿ ಬಂದ ಅಭ್ಯಾಸ ಅದು. "ಮ್ಯಾಲಕ್ ಓಯ್ತಾ ಐತೆ."

"ಅದೇ ಭಾವ ನಾನು ಕಂಡ್ಹಿಡ್ದಿದ್ದು. ಎಲ್ಲಾರೂ ಕೆಳಕ್ ಹೋಗ್ತದೆ ಅಂತಿದ್ರು."

"ಸರಿ. ಅಕ್ಷರ ಎಲ್ಲೈತೆ?"

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಅವರ ಹತ್ತಿರ ಒಂದು ಡಬ್ಬಿಯ ತುಂಬ ಸೀಸದ ಅಕ್ಷರಗಳಿರುತ್ತವೆ. ಎಕ್ಸ್‌ರೇ ತೆಗೆಯುವ ಮೊದಲು ಸಾಮಾನಿನ ಮೇಲೆ ಗುರುತು ಹಾಕಿದ ಜಾಗದಲ್ಲಿ ಅಕ್ಷರ ಇಡುತ್ತಾರೆ. ಸೀಸವನ್ನು ಕಿರಣ ದಾಟುವುದಿಲ್ಲವಾದ್ದರಿಂದ ಫಿಲ್ಮಿನಲ್ಲಿ ಅಕ್ಷರ ಬೆಳ್ಳಗೆ ಮೂಡುತ್ತದೆ. ಫಿಲ್ಮನ್ನು ತಲೆಕೆಳಗೆ ಹಿಡಿದರೆ ಅಕ್ಷರವೂ ತಲೆಕೆಳಗಾಗುತ್ತದೆ. ಹಿಂದುಮುಂದಾದರೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಆಗ ಬಿರುಕು ಸಾಮಾನಿನ ಯಾವ ತುದಿಯಲ್ಲಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

"ಅಕ್ಷರ ಇಲ್ದಿರೋ ಫಿಲ್ಮ್ನ ನಾವು ಓದಾಕಿಲ್ಲ ಕಣ್ಲಾ. ಎಷ್ಟ್ ಚೆಂದಾಗ್ ಬಂದಿದ್ರೂ ಬಿಸಾಕಿ ಇನ್ನೊಂದ್ ತಗೀತೀವಿ. ಮ್ಯಾಲೆ ಯಾವ್ದು, ಕೆಳಗ್ಯಾವ್ದು ಅಂತ ನಿಂಗೆಂಗ್ ಗೊತ್ತು?"

"ಕ್ಯಾಮರಾ ಹಂಗೇ ಇಟ್ಟಿರ್ತಾರೆ ಭಾವ" ಎಂದೆ. ದನಿಯಲ್ಲಿ ಸ್ವಲ್ಪ ಜಂಬವಿತ್ತು. ಇಷ್ಟು ದೊಡ್ಡ ಯಂತ್ರಕ್ಕೆ ಸೀಸದ ಅಕ್ಷರ ಇಡಬೇಕೆನ್ನುತ್ತಾರಲ್ಲ ಎಂದು ಒಳಗೊಳಗೇ ನಕ್ಕೂ ಇದ್ದೆ. ಅವರು ಬಟ್ಟೆ ಸರಿಮಾಡಿಕೊಂಡು ಇಳಿದು ಹೋದರು.

ನಗು ಅರ್ಧ ಗಂಟೆ ಇತ್ತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನಮ್ಮ ಕ್ಯಾಮರಾದ ಮುಂದೆ ಉದ್ದದ ಲೆನ್ಸುಗಳ ಸಾಲಿದೆ. ಅದರಿಂದ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಅದಕ್ಕಾಗಿ ನಾನು ಬರೆದ ಪ್ರೋಗ್ರಾಮಿನ ಮೊದಲ ಸಾಲೇ ಚಿತ್ರವನ್ನು ತಿರುಗಿಸಿ ನೆಟ್ಟಗೆ ಮಾಡುವುದು. ಆ ಸಾಲನ್ನು ಬರೆದ ಮೇಲೆ ಮತ್ತೆ ಅದನ್ನು ನೋಡಿಯೇ ಇರಲಿಲ್ಲ. ಕ್ಯಾಮರಾದ ನಿರ್ವಹಣೆಯ ದಾಖಲೆ ತೆರೆದು ಮೊದಲಿನಿಂದ ಓದಿದೆ. ಧೂಳು ಒರೆಸಿದ್ದು, ತಂತಿ ಬದಲಿಸಿದ್ದು, ಫಿಲ್ಟರ್ ಹಾಕಿದ್ದು. ನಡುವೆ ಒಂದು ಸಾಲಿತ್ತು: ಲೆನ್ಸುಗಳ ಸಾಲನ್ನು ಬದಲಾಯಿಸಲಾಗಿದೆ, ಇನ್ನು ಮುಂದೆ ಚಿತ್ರ ನೆಟ್ಟಗೇ ಬರುತ್ತದೆ.

ನನ್ನ ಏಳು ಪ್ರಯೋಗಗಳೂ ಆ ಸಾಲಿನ ನಂತರದವು, ಯಂತ್ರ ನಿಲ್ಲಿಸುವ ಮೊದಲಿನ ಕೊನೆಯ ಏಳು. ನೆಟ್ಟಗೆ ಬಂದದ್ದನ್ನು ನಾನು ನಿಷ್ಠೆಯಿಂದ ತಲೆಕೆಳಗು ಮಾಡಿದ್ದೆ.

ಆದರೂ ಮನಸ್ಸು ಒಪ್ಪಲಿಲ್ಲ. ದಾಖಲೆ ಬರೆದವರೇ ತಪ್ಪು ಮಾಡಿರಬಹುದಲ್ಲ ಎಂದು ಮೂಲ ಚಿತ್ರಗಳನ್ನು ತೆರೆದೆ. ಲೇಖನಕ್ಕೆ ಹಾಕುವಾಗ ಬೆಳಕಿನ ಸುತ್ತ ಬಿಗಿಯಾಗಿ ಕತ್ತರಿಸಿದ್ದೆ, ಅಂಚುಗಳು ಮಸುಕಾಗಿದ್ದವೆಂದು. ಆ ಅಂಚಿನಲ್ಲಿ ಬೆರಳಿನಷ್ಟು ದಪ್ಪಗೆ ಒಂದು ಸಲಾಕೆ ಕಾಣುತ್ತಿತ್ತು. ಅಳತೆಗೆಂದು ಕೋಣೆಯೊಳಕ್ಕೆ ತೂರಿಸುವ ಸಲಾಕೆ ಅದು. ನಮ್ಮ ಯಂತ್ರದಲ್ಲಿ ಅದಕ್ಕಿರುವ ತೂತು ಒಂದೇ, ತಳದಲ್ಲಿ. ನಾನು ತಿರುಗಿಸಿದ ಚಿತ್ರದಲ್ಲಿ ಸಲಾಕೆ ಮೇಲಿನಿಂದ ನೇತಾಡುತ್ತಿತ್ತು.

ಅಂದರೆ ಅಕ್ಷರ ಇತ್ತು. ನಾನೇ ಕತ್ತರಿಸಿ ಎಸೆದಿದ್ದೆ.

ಎಲೆಕ್ಟ್ರಾನುಗಳು ಯಾವತ್ತಿನ ಹಾಗೆ ಕೆಳಕ್ಕೇ ಹೋಗಿದ್ದವು. ಹೊಸ ಸಂಗತಿ ಯಾವುದೂ ಇರಲಿಲ್ಲ. ಅಕ್ಕ ಕೆಳಗಿನಿಂದ ಕಾಫಿಗೆ ಕೂಗಿದಳು. ಹೋದೆ, ಕುಡಿದೆ, ಸಕ್ಕರೆ ಜಾಸ್ತಿಯಾಯಿತೇ ಎಂದು ಅವಳು ಕೇಳಿದ್ದಕ್ಕೆ ಇಲ್ಲ ಅಂದೆ.

ಸಮಿತಿ ಸೇರುವುದಕ್ಕೆ ಐದು ವಾರವಿತ್ತು. ಆ ಸಂಜೆಯೇ ಮಾರ್ಗದರ್ಶಕರಿಗೆ ಫೋನ್ ಮಾಡಬೇಕಾಗಿತ್ತು. ಮಾಡಲಿಲ್ಲ. ಮೊದಲು ಪೂರ್ತಿ ಖಚಿತ ಮಾಡಿಕೊಳ್ಳೋಣ ಅಂದುಕೊಂಡೆ. ಎರಡು ದಿನದಲ್ಲಿ ಖಚಿತವಾಯಿತು. ಆಮೇಲೆ, ತಿದ್ದಿದ ಲೆಕ್ಕ ತಯಾರು ಮಾಡಿಕೊಂಡೇ ಹೇಳೋಣ ಅಂದುಕೊಂಡೆ. ಅದೂ ಒಂದು ವಾರದಲ್ಲಿ ತಯಾರಾಯಿತು. ಕೊನೆಗೆ ನಿಜವಾದ ಮಾತು ಮನಸ್ಸಿನ ಬಾಯಿಗೆ ಬಂತು: ಸಮಿತಿಯವರು ಕೂತು ಎದ್ದು ಹೋಗಲಿ, ಮೂರು ವರ್ಷ ಕೈಗೆ ಬರಲಿ, ಆಮೇಲೆ ಹೇಳಿದರಾಯಿತು. ಹೇಳಿಯೇ ಹೇಳುತ್ತೇನಲ್ಲ, ಸ್ವಲ್ಪ ತಡವಾಗಿ, ಅಷ್ಟೇ. ಯಾರಿಗೇನು ನಷ್ಟ? ನನಗೆ ಹುದ್ದೆಗಿಂತ ಹೆಚ್ಚಾಗಿ ಆ ಚೌಕಗಳು ಮತ್ತೆ ಕಪ್ಪಾಗುವುದು ಬೇಡವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸತ್ಯ ಅದೇ.

ಶುಕ್ರವಾರಗಳು ಕಷ್ಟವಾದವು. ಎರಡು ಸಲ ಕರೆಂಟಿಲ್ಲವೆಂದು ಸುಳ್ಳು ಹೇಳಿದೆ. ಮೂರನೆಯ ಶುಕ್ರವಾರ ಬೆಳಗ್ಗೆಯೇ ಅಂಚೆಟ್ಟಿಗೆ ಹೋಗುವ ಬಸ್ಸು ಹತ್ತಿದೆ. ಅಲ್ಲಿ ನನಗೆ ಯಾರೂ ಇಲ್ಲ. ಫೋನಿಗೆ ಸಿಗ್ನಲ್ ಸಿಗದ ಜಾಗ ಬೇಕಾಗಿತ್ತು. ಊರು ದಾಟಿ ಒಂದು ಹಳ್ಳಿಯ ಕಡೆ ಸುಮ್ಮನೆ ನಡೆದೆ. ರಾಗಿ ಹೊಲಗಳು ಮುಗಿದು ಕಲ್ಲು ಗುಡ್ಡ ಶುರುವಾಗುವಲ್ಲಿ ತಲೆ ಮೇಲೆ ಸೌದೆ ಹೊತ್ತ ಮುದುಕಿಯೊಬ್ಬಳು ಜೊತೆಯಾದಳು.

"ಯಾವೂರಪ್ಪ? ಯಾರ್ ಮನೇಗ್ ಬಂದೆ?"

"ಹೊಸೂರು ಅಜ್ಜಿ. ಯಾರ ಮನೆಗೂ ಇಲ್ಲ, ಸುಮ್ನೆ ಬಂದೆ."

"ಸುಮ್ನೆ ಯಾರಾನ ಇಷ್ಟ್ ದೂರ ಬತ್ತಾರಾ?" ಎಂದು ನಿಂತು ನನ್ನ ಮುಖ ನೋಡಿದಳು. "ಮನೇಲಿ ಜಗಳ ಆಡ್ಕೊಂಡ್ ಬಂದಿದ್ರೆ ವಾಪಸ್ ಓಗಪ್ಪ. ಮೂರ್ ಗಂಟೆ ಬಸ್ ಬುಟ್ರೆ ಆಮ್ಯಾಕೆ ಸಿಗಾಕಿಲ್ಲ."

ಅವಳ ಸೌದೆಯನ್ನು ಸ್ವಲ್ಪ ದೂರ ನಾನು ಹೊತ್ತೆ. ಮೂರು ಗಂಟೆಯ ಬಸ್ಸಿಗೆ ಹಿಂತಿರುಗಿದೆ. ಸಿಗ್ನಲ್ ಬಂದ ಕೂಡಲೇ ಮಾರ್ಗದರ್ಶಕರ ಸಂದೇಶ ಕಂಡಿತು: ಸಮಿತಿಯಲ್ಲಿ ತೋರಿಸಲು ಆ ಏಳು ಚಿತ್ರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಕಳುಹಿಸಿ. ಕಳುಹಿಸಿದೆ. ಕತ್ತರಿಸಿದ್ದನ್ನೇ.

ಭಾವ ಮಾತ್ರ ಮರೆಯಲಿಲ್ಲ. ಒಂದು ಭಾನುವಾರ ಊಟಕ್ಕೆ ಕೂತಾಗ ಕೇಳಿದರು.

"ಅಕ್ಷರ ಸಿಕ್ತಾ?"

"ಸಿಕ್ತು ಭಾವ. ಎಲ್ಲ ಸರಿಯಾಗೈತೆ" ಎಂದೆ, ಮುದ್ದೆ ಮುರಿಯುತ್ತಾ.

"ನೋಡ್ದಾ, ಕೇಳಿದ್ದಕ್ ಒಳ್ಳೇದಾಯ್ತು" ಎಂದು ಅವರು ಅಕ್ಕನ ಕಡೆ ತಿರುಗಿ ಹೇಳಿದರು. ಅವರ ಮುಖದಲ್ಲಿ ಸಂತೋಷವಿತ್ತು. ಎರಡು ದಿನ ಬಿಟ್ಟು ಆ ಚಿತ್ರದ್ದೇ ಇನ್ನೊಂದು ಪ್ರತಿ ಬೇಕೆಂದರು. ಯಾಕೆಂದು ಕೇಳದೆ ಕೊಟ್ಟೆ.

ಸಮಿತಿ ಸೇರಲು ಮೂರು ದಿನವಿದ್ದಾಗ ಅಕ್ಕ ನನ್ನನ್ನು ಫೌಂಡ್ರಿಗೆ ಕಳುಹಿಸಿದಳು. ಭಾವ ಮಾತ್ರೆ ಮರೆತು ಹೋಗಿದ್ದರು. ಗೇಟಿನಲ್ಲಿ ಕೊಟ್ಟು ಬರೋಣವೆಂದರೆ, ಅವರೇ ಬಂದು ಒಳಗೆ ಕರೆದುಕೊಂಡು ಹೋದರು. ಎಕ್ಸ್‌ರೇ ಕೋಣೆಗಲ್ಲ, ಪಕ್ಕದಲ್ಲಿ ಫಿಲ್ಮ್ ಓದುವ ಕೋಣೆಗೆ. ಕಿಟಕಿಯಿಲ್ಲದ ಚಿಕ್ಕ ಕೋಣೆ, ಒಂದು ಮೇಜು, ಹಿಂದಿನಿಂದ ದೀಪ ಉರಿಯುವ ಗಾಜಿನ ಪೆಟ್ಟಿಗೆ, ಒಂದೇ ಕುರ್ಚಿ. ಮೇಜಿನ ಮೇಲಿನ ಗೋಡೆಯಲ್ಲಿ ನನ್ನ ಚಿತ್ರ ಅಂಟಿಸಿತ್ತು, ನಾಲ್ಕು ಮೂಲೆಗೂ ಟೇಪು ಹಚ್ಚಿ.

"ಇಂಜಿನಿಯರ್‌ಗೆ ತೋರಿಸ್ದೆ" ಎಂದರು. "ನಮ್ ಭಾಮೈದ ಕಂಡ್ಹಿಡ್ದಿದ್ದು, ಎಲ್ಲಾರೂ ಕೆಳಕ್ ಅಂದ್ರೆ ಇವ್ನು ಮ್ಯಾಲಕ್ ಅಂತ ತೋರಿಸ್ದ ಅಂದೆ. ಅಕ್ಷರ ಐತಾ ಅಂತ ಅವ್ರೂ ಕೇಳುದ್ರು. ಐತೆ ಸಾರ್, ನಾನೇ ಕೇಳಿ ನೋಡ್ಸಿದ್ದೀನಿ ಅಂದೆ."

ಹೊಸೂರಿನಲ್ಲಿ ನನ್ನ ಕೆಲಸದ ಬಗ್ಗೆ ಒಂದು ಸರಿಯಾದ ಪ್ರಶ್ನೆ ಕೇಳಿದವರು ಇವರೊಬ್ಬರೇ. ಹೊಸೂರಿನಲ್ಲೇನು, ಲೇಖನ ಓದಿ ಒಪ್ಪಿದ ಪಂಡಿತರೂ ಕೇಳಿರಲಿಲ್ಲ. ನಾನು ಆ ಮನುಷ್ಯನನ್ನು ಅವರ ಕೋಣೆಯಲ್ಲೇ, ಅವರ ಇಂಜಿನಿಯರ್ ಎದುರಿನಲ್ಲೇ ಸುಳ್ಳುಗಾರನನ್ನಾಗಿ ಮಾಡಿದ್ದೆ. 

"ಭಾವ, ಅದು ತಲೆಕೆಳಗಾಗೈತೆ" ಎಂದೆ.

ಟೇಪು ಹಚ್ಚುವಾಗ ತಾವು ತಲೆಕೆಳಗೆ ಅಂಟಿಸಿದೆವೆಂದು ತಿಳಿದು ಅವರು ಗೋಡೆಯತ್ತ ಕೈ ಚಾಚಿದರು. ಅಲ್ಲ ಅಂದೆ. ಎಲ್ಲ ಹೇಳಿದೆ, ಲೆನ್ಸು, ಸಲಾಕೆ, ಸಮಿತಿ. ಅವರು ಕುರ್ಚಿಯಲ್ಲಿ ಕೂತು ಕೇಳಿದರು. ನಾನು ನಿಂತೇ ಇದ್ದೆ.

"ಎಷ್ಟ್ ದಿನ ಆಯ್ತು ಗೊತ್ತಾಗಿ?"

"ನೀವು ಕೇಳಿದ್ ದಿನಾನೇ ಗೊತ್ತಾಯ್ತು."

"ಮತ್ತೆ ಊಟಕ್ ಕುಂತಾಗ ಸಿಕ್ತು ಅಂದೆ?"

 ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಟೇಪನ್ನು ಉಗುರಿನಿಂದ ಒಂದೊಂದೇ ಮೂಲೆಯಾಗಿ ಬಿಡಿಸಿ, ಚಿತ್ರವನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು.

"ತಪ್ ಫಿಲ್ಮ್ ತೆಗಿಯೋದು ಎಲ್ಲಾರ್ಗೂ ಆಯ್ತದೆ. ನಾನೂ ತೆಗ್ದಿದೀನಿ" ಎಂದರು. "ಆದ್ರೆ ಗೊತ್ತಾದ್ಮ್ಯಾಲೂ ಸಾಮಾನ್ ಹೊರಕ್ ಬುಟ್ರೆ, ಅದು ಎಲ್ಲೋ ಒಂದ್ ಕಡೆ ಓಗಿ ಯಾರ್ದೋ ಗಾಡಿಗೆ ಸೇರ್ಕೊಂತದೆ. ಆಮ್ಯಾಕೆ ನಮ್ ಕೈಲಿರಾಕಿಲ್ಲ. ಓಗು, ಇವತ್ತೇ ಫೋನ್ ಮಾಡು."

ಫೌಂಡ್ರಿಯ ಗೇಟಿನ ಹೊರಗೆ, ಲಾರಿಗಳು ತಿರುಗುವ ಜಾಗದಲ್ಲಿ ಒಂದು ಹೊಂಗೆ ಮರದ ಕೆಳಗೆ ನಿಂತು ಫೋನ್ ಮಾಡಿದೆ. ಮಾರ್ಗದರ್ಶಕರು ಮಿತಭಾಷಿ. ನಡುವೆ ಒಂದು ಮಾತೂ ಆಡದೆ ಪೂರ್ತಿ ಕೇಳಿಸಿಕೊಂಡರು. ಲಾರಿಯ ಹಾರನ್ನಿಗೆ ಕೇಳಿಸಿರಲಿಕ್ಕಿಲ್ಲವೆಂದು ಒಂದು ವಾಕ್ಯವನ್ನು ನಾನು ಎರಡು ಸಲ ಹೇಳಿದೆ.

"ಹಾಗಾದರೆ ಸಮಿತಿಗೆಂದು ನೀವು ನನಗೆ ಕಳುಹಿಸಿದ ಚಿತ್ರ ತಪ್ಪೆಂದು ಕಳುಹಿಸುವಾಗಲೇ ನಿಮಗೆ ಗೊತ್ತಿತ್ತು" ಎಂದರು.

"ಹೌದು ಸರ್."

"ಲೆನ್ಸಿನ ತಪ್ಪನ್ನು ಸಮಿತಿಗೆ ನಾನು ವಿವರಿಸಬಲ್ಲೆ. ಇದನ್ನು ವಿವರಿಸಲು ನನಗೆ ಬರುವುದಿಲ್ಲ" ಎಂದು ಫೋನ್ ಇಟ್ಟುಬಿಟ್ಟರು.

ಸಮಿತಿಯವರು ಮೂರು ವರ್ಷದ ಬದಲು ಆರು ತಿಂಗಳು ಕೊಟ್ಟರು, ಕೈಯಲ್ಲಿದ್ದ ಕೆಲಸ ಮುಗಿಸಿ ಒಪ್ಪಿಸಿ ಹೋಗಲು. ಅದು ಅವರ ದೊಡ್ಡತನ. ಲೇಖನವನ್ನು ಹಿಂದಕ್ಕೆ ಪಡೆದೆವು. ಯಾಕೆ ಪಡೆದೆವೆಂದು ನಾನೇ ಐದು ಸಾಲು ಬರೆದೆ. ಗುಂಪಿನವರು ನಗುತ್ತಾರೆ, ಪತ್ರಿಕೆಯವರು ಉಗಿಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡು ಕಾದೆ. ಯಾರೂ ಏನೂ ಅನ್ನಲಿಲ್ಲ. ಶುಕ್ರವಾರ ಚೌಕಗಳು ಕಪ್ಪಗಿದ್ದವು, ಮೀಸೆಯವರದೂ ಕೂಡ. ಹತ್ತು ದಿನ ಕಳೆದ ಮೇಲೆ, ನಾನು ಐದು ವಾರ ಅನ್ನ ನಿದ್ದೆ ಕೆಡಿಸಿಕೊಂಡದ್ದು ಯಾರಿಗೂ ಬೇಡದ ಒಂದು ಬೆಳಕಿನ ಕಲೆಗಾಗಿ ಅಲ್ಲವೇ ಅನ್ನಿಸಿತು. ನಿಜ ಹೇಳುತ್ತೇನೆ, ಅದರಿಂದ ಸಮಾಧಾನವೂ ಆಯಿತು. ಯಾರಿಗೂ ನಷ್ಟವಿಲ್ಲ ಎಂದು ನಾನು ಎಣಿಸಿದ್ದು ಸರಿಯಾಗಿಯೇ ಇತ್ತಲ್ಲ ಎಂದು.

ಹನ್ನೊಂದನೆಯ ದಿನ ಒಂದು ಪತ್ರ ಬಂತು. ಬರೆದವಳು ಬೇರೊಂದು ದೇಶದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿ. ಹೆಸರು ನಾನು ಕೇಳಿದ್ದಲ್ಲ, ಯಾವ ದೇಶದವಳೋ ಅದರಿಂದ ತಿಳಿಯುವಂತಿರಲಿಲ್ಲ. ನನ್ನ ಲೇಖನ ಬಂದಾಗಿನಿಂದ ಎಂಟು ತಿಂಗಳು ಅವಳು ಅದರ ಮೇಲೆಯೇ ಕೆಲಸ ಮಾಡಿದ್ದಳಂತೆ. ಆ ಏಳು ಪ್ರಯೋಗಗಳಲ್ಲಿ ಎಲೆಕ್ಟ್ರಾನುಗಳು ಯಾಕೆ ಮೇಲಕ್ಕೆ ಹೋಗುತ್ತವೆಂದು ತನ್ನ ಕಂಪ್ಯೂಟರಿನಲ್ಲಿ ತೋರಿಸುವುದು ಅವಳಿಗೆ ಕೊಟ್ಟ ಕೆಲಸ. ಮೊದಲೇ ಮೇಲಿಟ್ಟು ಓಡಿಸುವ ನನ್ನ ಉಪಾಯವನ್ನು ಅವಳು ಮಾಡಿರಲಿಲ್ಲ, ಯಂತ್ರದ ಅಳತೆಗಳಿಂದಲೇ ಶುರುಮಾಡಿದ್ದಳು. ಪ್ರತಿ ಸಲವೂ ಕೆಳಕ್ಕೇ ಹೋಗುತ್ತಿತ್ತು. ಎಂಟು ತಿಂಗಳು ತನ್ನ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬಿಚ್ಚಿ ಹೊಲಿದಳಂತೆ. ಅಲ್ಲಿ ಈ ಕೆಲಸ ಮಾಡುವವಳು ತಾನೊಬ್ಬಳೇ ಆದ್ದರಿಂದ ಯಾರನ್ನು ಕೇಳುವುದೆಂದು ತಿಳಿಯಲಿಲ್ಲ ಎಂದು ಬರೆದಿದ್ದಳು. ಕೊನೆಗೆ ತನಗೆ ಈ ಕೆಲಸ ಬರುವುದಿಲ್ಲವೆಂದು ತೀರ್ಮಾನಿಸಿ, ಓದು ಬಿಟ್ಟು ಊರಿಗೆ ಹೋಗಿದ್ದಳು. ಅಲ್ಲಿ ಒಂದು ವಿಮಾ ಕಂಪನಿಯಲ್ಲಿ ಕೆಲಸ ಸಿಕ್ಕಿದೆಯಂತೆ. ಹಳೆಯ ಸ್ನೇಹಿತೆಯೊಬ್ಬಳು ನನ್ನ ಐದು ಸಾಲುಗಳನ್ನು ಕಳುಹಿಸಿದಳಂತೆ. ಕೋಪದ ಮಾತು ಒಂದೂ ಇರಲಿಲ್ಲ. ತನ್ನ ಲೆಕ್ಕ ಸರಿಯಿತ್ತೆಂದು ತಿಳಿದು ಸಂತೋಷವಾಯಿತು, ತಪ್ಪನ್ನು ಒಪ್ಪಿಕೊಂಡದ್ದಕ್ಕೆ ಧನ್ಯವಾದ, ಎಂದು ಮುಗಿಸಿದ್ದಳು.

ಓದು ಬಿಟ್ಟ ದಿನವನ್ನೂ ಬರೆದಿದ್ದಳು, ಮಾತಿನ ನಡುವೆ, ಅದಕ್ಕೇನೂ ಅರ್ಥವಿಲ್ಲದ ಹಾಗೆ. ಕ್ಯಾಲೆಂಡರ್ ತೆಗೆದು ನೋಡಿದೆ. ನಾನು ಅಂಚೆಟ್ಟಿಗೆ ಹೋಗಿ ಬಂದ ವಾರ.

ಉತ್ತರ ಬರೆಯಲು ಮೇಜಿನ ಮುಂದೆ ಕೂತೆ. ಐದು ವಾರ ಮುಚ್ಚಿಟ್ಟದ್ದನ್ನು ಹೇಳದೆ ಬಿಟ್ಟಿದ್ದರೆ ಅವಳಿಗೆ ನನ್ನ ಬಗ್ಗೆ ಗೌರವ ಉಳಿಯುತ್ತಿತ್ತು. ಅವಳ ಪತ್ರದಲ್ಲಿ ನಾನು ತಪ್ಪು ತಿಳಿದ ಕೂಡಲೇ ಒಪ್ಪಿಕೊಂಡ ಒಳ್ಳೆಯ ಮನುಷ್ಯ. ಧನ್ಯವಾದ ಸ್ವೀಕರಿಸಿ, ನಿಮಗೆ ಒಳ್ಳೆಯದಾಗಲಿ, ಸಾಧ್ಯವಾದರೆ ಮತ್ತೆ ಓದಿಗೆ ಸೇರಿ ಎಂದು ಬರೆದು ಕಳುಹಿಸಿದರೆ ಮುಗಿಯುತ್ತಿತ್ತು. ಹಾಗೆಯೇ ಒಂದು ಉತ್ತರ ಬರೆದೂ ಬಿಟ್ಟೆ. ಓದಿ ನೋಡಿ ಅಳಿಸಿದೆ.

ಆಮೇಲೆ ಬರೆದದ್ದು ಮೂರೇ ವಾಕ್ಯ. ನಿಮ್ಮ ಲೆಕ್ಕ ಮೊದಲಿನಿಂದಲೂ ಸರಿಯಿತ್ತು. ನೀವು ಬಿಟ್ಟು ಹೋದ ದಿನ ಅದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಅವಳಿಂದ ಉತ್ತರ ಬಂದಿಲ್ಲ.